ಬಾದೆ ಹುಲ್ಲಿಗೆ ಹೊನ್ನಾರು

ಕೆಂದಾಳಪುರದ ದೊರೆ ಸಾಳುವಪ್ಪ ನಾಯಕನಿಗೆ ದಿನಾ ಬಿಸಿನೀರಿನ ಸ್ನಾನವಾಗಬೇಕು, ಅದೂ ಹಂಡೆಗಟ್ಟಲೆ. ಅರಮನೆ ಒಲೆಗೆ ಸೌದೆ ಒಟ್ಟಿ ಒಟ್ಟಿ ಸುತ್ತಲಿನ ಕಾಡೆಲ್ಲ ಬೋಳಾಯಿತು. ಒಂದು ದಿನ ಹಂಡೆಯ ನೀರು ಉಗುರುಬೆಚ್ಚಗಾಯಿತು ನೋಡಿ, ದೊರೆಗೆ ಥಟ್ಟನೆ ರೈತರ ನೆನಪಾಯಿತು!

ಡಂಗುರ ಹೊಡೆಸಿದ. "ಹೊಲದಲ್ಲಿ ಬಾದೆ ಹುಲ್ಲು ನೆಟ್ಟು ಅರಮನೆ ಒಲೆಗೆ ಕೊಟ್ಟವರಿಗೆ ಕಂದಾಯ ಮಾಫಿ!"

ಬಾದೆ ಹುಲ್ಲು ಗೊತ್ತಲ್ಲ? ಆಳೆತ್ತರ ಬೆಳೆಯುತ್ತೆ, ಒಣಗಿದರೆ ಧಗಧಗ ಉರಿಯುತ್ತೆ. ಒಮ್ಮೆ ನೆಟ್ಟರೆ ಮುಗಿಯಿತು, ಕೊಯ್ದಷ್ಟೂ ಚಿಗುರುತ್ತೆ. ಊರಿನವರೆಲ್ಲ ಜಾಣರು, ನೋಡೋಣ ಅಂತ ಕೈಕಟ್ಟಿ ಕೂತರು. ಕೆರೆ ಹಿಂದಿನ ದ್ಯಾವಮ್ಮ ಒಬ್ಬಳು ಮಾತ್ರ ದೊರೆಯ ಮಾತು ನಂಬಿ, ಇದ್ದ ಒಂದೇ ಹೊಲದಲ್ಲಿ ರಾಗಿ ಬಿಟ್ಟು ಹುಲ್ಲು ನೆಟ್ಟಳು.

ವರ್ಷ ತುಂಬಿ ಯುಗಾದಿ ಬಂತು. ಆ ಸೀಮೆಯಲ್ಲಿ ಯುಗಾದಿ ಅಂದರೆ ಹೊನ್ನಾರು. ಎತ್ತಿಗೆ ಅರಿಶಿನ ಬಳಿದು, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಸಾಲು ಉಳುವುದು. ಅದಕ್ಕೊಂದು ಹಳೇ ಕಟ್ಟಳೆಯೂ ಇತ್ತು: ಹೊನ್ನಾರು ಹೂಡದ ಹೊಲ ಪಾಳು, ಪಾಳು ಹೊಲಕ್ಕೆ ಮೊದಲು ನೇಗಿಲು ಇಳಿಸಿದವರೇ ಅದರ ಒಡೆಯರು.

ಹಬ್ಬದ ಮಾರನೇ ದಿನ ಪ್ರಧಾನಿ ಕೊಂಡಪ್ಪಯ್ಯ ದ್ಯಾವಮ್ಮನ ಹೊಲದ ಬದುವಿನ ಮೇಲೆ ನಿಂತು ಮೂಗು ಮುರಿದ. ಪಕ್ಕದಲ್ಲೇ ಅವನ ಭಾವಮೈದುನ, ನೇಗಿಲು ಹೊತ್ತ ಆಳಿನ ಸಮೇತ!

"ಉತ್ತಿಲ್ಲ, ಬಿತ್ತಿಲ್ಲ. ಇದು ಪಾಳು," ಅಂದ ಪ್ರಧಾನಿ.

"ಅಯ್ಯೋ ಬುದ್ಧಿ, ಇಷ್ಟೆತ್ತರದ ಹುಲ್ಲು ಕಾಣಾಕಿಲ್ವಾ? ಉತ್ರೆ ಬೇರೇ ಕಿತ್ತೋಯ್ತದೆ!" ಅಂದಳು ದ್ಯಾವಮ್ಮ.

"ಹಾಗಾದರೆ ಕಿತ್ತು, ಉತ್ತು, ಮತ್ತೆ ನೆಡು. ವರ್ಷವರ್ಷ ನೆಟ್ಟವರಿಗೇ ಮಾಫಿ. ನಾಳೆ ಸಂಜೆಯವರೆಗೆ ಗಡುವು. ಆಮೇಲೆ ಇವರು ನೇಗಿಲು ಇಳಿಸುತ್ತಾರೆ."

ದ್ಯಾವಮ್ಮ ಅಳುತ್ತಾ ಓಡಿದ್ದು ಸೋವಣ್ಣನ ಮನೆಗೆ. ಸೋವಣ್ಣ ಆಸ್ಥಾನದ ಮಾತುಗಾರ. ಅವನ ಮಾತಿಗೆ ದೊರೆ ನಗುತ್ತಿದ್ದ, ಒಳಗೊಳಗೇ ಹೆದರುತ್ತಲೂ ಇದ್ದ. ಕತೆ ಕೇಳಿ ಸೋವಣ್ಣನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ನೆತ್ತಿಗೇರಿತು. ನಂಬಿ ಕೆಟ್ಟವಳು ಇವಳೊಬ್ಬಳೇ ಅಲ್ಲವೇ! ಎದ್ದವನೇ ನೆಟ್ಟಗೆ ಆಸ್ಥಾನಕ್ಕೆ ನಡೆದ.

"ಪ್ರಭು, ಹುಲ್ಲು ನೆಡು ಅಂದವರೂ ತಾವೇ, ಕೀಳು ಅನ್ನುವುದೂ ತಮ್ಮ ಕಟ್ಟಳೆಯೇ. ದ್ಯಾವಮ್ಮ ಯಾವುದನ್ನು ಕೇಳಬೇಕು?"

ದೊರೆ ಮೀಸೆ ತಿರುವಿದ. "ಅಜ್ಜನ ಕಾಲದ ಕಟ್ಟಳೆ ಸೋವಣ್ಣ! ದ್ಯಾವಮ್ಮನಿಗೂ ಒಂದೇ, ನನಗೂ ಒಂದೇ. ನಾನೇ ತಪ್ಪಿದರೂ ನನ್ನ ನೆಲ ಹೋಗಲಿ!"

ಸಭೆ ಭೇಷ್ ಭೇಷ್ ಅಂದಿತು.

"ಆಹಾ, ಎಂಥಾ ಮಾತು! ಇನ್ನೊಂದು ಸಲ ಹೇಳಿ ಪ್ರಭು, ಹಿಂದೆ ಕೂತವರಿಗೂ ಕೇಳಲಿ," ಅಂದ ಸೋವಣ್ಣ. ದೊರೆ ಇನ್ನೂ ಗಟ್ಟಿಯಾಗಿ ಹೇಳಿದ.

ಮಾರನೇ ದಿನ ಬೆಳಿಗ್ಗೆ ದೊರೆ ಸ್ನಾನಕ್ಕೆ ಕೂತಿದ್ದಾನೆ, ಅರಮನೆಯ ಮಾವಿನ ತೋಪಿನಲ್ಲಿ ಎತ್ತಿನ ಗಂಟೆಯ ಸದ್ದು! ದೊರೆಯ ತಾತ ಕೈಯಾರೆ ನೆಟ್ಟ ತೋಪು ಅದು. ಕಾಯಿ ಜೋತಾಡುವ ಕಾಲ ಬೇರೆ. ದೊರೆ ಒದ್ದೆ ಪಂಚೆಯಲ್ಲೇ ಓಡಿಬಂದ. ನೋಡಿದರೆ, ಅರಿಶಿನ ಬಳಿದ ಎತ್ತುಗಳು, ನೇಗಿಲ ಮೇಣಿ ಹಿಡಿದ ದ್ಯಾವಮ್ಮ, ಮರಗಳ ನಡುವೆ ಉದ್ದಕ್ಕೆ ಉತ್ತ ಒಂದು ಸಾಲು. ಸೋವಣ್ಣ ಕೊಡಲಿ ಹಿಡಿದು ಮರದ ಬುಡ ತಟ್ಟಿ ನೋಡುತ್ತಿದ್ದಾನೆ.

"ಏಯ್ ಸೋವಣ್ಣ! ಏನಯ್ಯಾ ಇದು?"

"ಹೊನ್ನಾರು ಪ್ರಭು. ತಾತನವರು ನೆಟ್ಟ ಮೇಲೆ ಈ ತೋಪನ್ನು ಯಾರೂ ಉತ್ತಿಲ್ಲ, ಬಿತ್ತಿಲ್ಲ. ಅಲ್ಲಿಗೆ ಪಾಳು. ಮೊದಲು ನೇಗಿಲು ಇಳಿಸಿದವಳು ದ್ಯಾವಮ್ಮ, ಇನ್ನು ತೋಪು ಅವಳದು. ಮರ ಕಡಿದು ಹೊಸದಾಗಿ ಮಾವಿನ ಓಟೆ ನೆಡೋಣ ಅಂತಿದ್ದೇವೆ."

"ತಲೆ ಕೆಟ್ಟಿದೆಯೇನೋ ನಿನಗೆ! ಒಮ್ಮೆ ನೆಟ್ಟದ್ದು ವರ್ಷವರ್ಷ ಫಲ ಕೊಡುವಾಗ, ಅದನ್ನು ಕಿತ್ತು ಮತ್ತೆ ನೆಡು ಅನ್ನುವ ಮುಠ್ಠಾಳ ಯಾರು?"

ಸೋವಣ್ಣ ಕೊಡಲಿ ಕೆಳಗಿಟ್ಟ. ದೊರೆಯ ಹಿಂದೆ ಏದುಸಿರು ಬಿಡುತ್ತಾ ಬಂದಿದ್ದ ಪ್ರಧಾನಿಯ ಕಡೆ ತಿರುಗಿ ನೋಡಿದ. ದ್ಯಾವಮ್ಮನೂ ನೋಡಿದಳು. ಎತ್ತುಗಳೂ ನೋಡಿದವು ಅಂತ ಹೇಳುವವರಿದ್ದಾರೆ.

ದೊರೆಗೆ ಎಲ್ಲ ಅರ್ಥವಾಯಿತು. ತುಂಬಿದ ಸಭೆಯಲ್ಲಿ, ಅದೂ ಎರಡೆರಡು ಸಲ ಆಡಿದ ಮಾತೂ ನೆನಪಾಯಿತು. "ದ್ಯಾವಮ್ಮಾ... ಈ ತೋಪು..."

"ನಿಮ್ ತೋಪು ನಂಗ್ಯಾಕೆ ಬುದ್ಧಿ? ನನ್ ಹುಲ್ಲು ನಂಗೆ ಬಿಡಿ, ಸಾಕು."

"ಬಿಟ್ಟೆ ತಾಯಿ! ಒಮ್ಮೆ ನೆಟ್ಟರೆ ಸಾಕು, ಬೇರಿರುವವರೆಗೂ ಮಾಫಿ!"

ಪ್ರಧಾನಿಗೆ ತಡೆಯಲಾಗಲಿಲ್ಲ. "ಪ್ರಭು, ಮಾವು ಅಂದರೆ ಮರ. ಅದು ಬರೀ ಹುಲ್ಲು. ಒಂದೇ ಕಡೆ ಬೇರು ಬಿಟ್ಟು ಕೂತದ್ದನ್ನು ವರ್ಷಕ್ಕೊಮ್ಮೆಯಾದರೂ ಕಿತ್ತು ನೋಡದಿದ್ದರೆ ಹೇಗೆ?"

"ಅದೂ ಸರಿಯೇ ಪ್ರಭು," ಅಂದ ಸೋವಣ್ಣ, ಬಲು ವಿನಯದಿಂದ. "ತಮ್ಮ ತಂದೆಯವರು ನೆಟ್ಟದ್ದು ಅರಮನೆಯಲ್ಲಿ ಇನ್ನೊಂದಿದೆ. ಅಂದಿನಿಂದ ಒಂದೇ ಜಾಗದಲ್ಲಿ ದಪ್ಪಗೆ ಬೆಳೆದಿದೆ, ಯಾರೂ ಅಲ್ಲಾಡಿಸಿಲ್ಲ. ಈ ಯುಗಾದಿಗೆ ಅದನ್ನು ಕಿತ್ತು ಹೊರಗಿಟ್ಟು, ಮತ್ತೆ ಚಿಗುರುತ್ತೋ ಇಲ್ಲವೋ ನೋಡಿಬಿಡೋಣ."

"ಯಾವುದಯ್ಯಾ ಅದು?"

"ನಮ್ಮ ಪ್ರಧಾನಿಗಳು."

ಕೊಂಡಪ್ಪಯ್ಯ ಎರಡೂ ಕೈ ಅಡ್ಡ ಹಿಡಿದ. "ಬೇಡ ಪ್ರಭು, ಬೇಡ! ಒಮ್ಮೆ ನೆಟ್ಟದ್ದನ್ನು ಕೀಳುವುದು ಮಹಾಪಾಪ!"

ದೊರೆ ಒದ್ದೆ ಪಂಚೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕ. ಆ ವರ್ಷ ತೋಪಿನ ಮೊದಲ ಬುಟ್ಟಿ ಹಣ್ಣು ಹೋದದ್ದು ಸೋವಣ್ಣನ ಮನೆಗೆ. ಅದನ್ನು ತಲೆಯ ಮೇಲೆ ಹೊತ್ತು ಮುಟ್ಟಿಸಿದವನು ಪ್ರಧಾನಿಯ ಭಾವಮೈದುನ. ಹೋಗುವ ದಾರಿಯಲ್ಲಿ ದ್ಯಾವಮ್ಮನ ಹೊಲದ ಹತ್ತಿರ ನಿಂತು, ನಾಟಿಗೆ ನನಗೂ ನಾಕು ಹುಲ್ಲಿನ ಬುಡ ಕೊಡ್ತೀಯಾ ಅಂತ ಕೇಳಿದನಂತೆ.