ಹಲಗೆಯ ಮೇಲಿನ ಎಂಟು

ನದಿ ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ ಪರಮಯ್ಯನವರ ಆಶ್ರಮವಿತ್ತು. ಅಲ್ಲಿ ಜಪತಪ ಕಡಿಮೆ, ಹಗ್ಗದ ಕೆಲಸ ಜಾಸ್ತಿ.

ದಿನಾ ಬೆಳಿಗ್ಗೆ ನೀರು ಇಳಿದಾಗ ಶಿಷ್ಯ ಅಚ್ಯುತ ಸಣ್ಣ ದೋಣಿಯಲ್ಲಿ ಅಳಿವೆಯ ಬಾಯಿಗೆ ಹೋಗಿ, ಸೀಸದ ಗುಂಡು ಕಟ್ಟಿದ ಹಗ್ಗ ಬಿಟ್ಟು ಆಳ ನೋಡಬೇಕು. ಗುಂಡಿನ ಅಡಿಗೆ ಮೇಣ ಮೆತ್ತಿರುತ್ತಿತ್ತು. ತಳದಲ್ಲಿ ಏನಿದೆಯೋ ಅದು ಮೇಣಕ್ಕೆ ಅಂಟಿಕೊಂಡು ಮೇಲೆ ಬರುತ್ತಿತ್ತು. ಆಳವನ್ನು ದಂಡೆಯ ಹಲಗೆಯ ಮೇಲೆ ಸುಣ್ಣದಲ್ಲಿ ಬರೆದರೆ, ಮೀನುಗಾರರು ಅದನ್ನು ನಂಬಿ ದೋಣಿ ಇಳಿಸುತ್ತಿದ್ದರು.

ಏಳು ತಿಂಗಳಿಂದ ಆಳ ಎಂಟು ಮೊಳವೇ. ಮೇಣಕ್ಕೆ ಅಂಟುವುದು ಕರಿ ಕೆಸರೇ.

"ಗುರುಗಳೇ, ಕಡಲೇ ಕಲಿಸುತ್ತದೆ ಅಂದಿದ್ದಿರಿ. ಅದು ನನಗೆ ಕಲಿಸುವುದು ಯಾವಾಗ?" ಎಂದು ಅಚ್ಯುತ ಒಂದು ದಿನ ಕೇಳಿಯೇಬಿಟ್ಟ.

"ಹಗ್ಗ ಒಣಗಿಸಿದೆಯಾ?" ಎಂದರು ಪರಮಯ್ಯ.

ಅಚ್ಯುತನಿಗೆ ಮೈಯೆಲ್ಲ ಉರಿಯಿತು. ಆದರೂ ಹೋಗಿ ಒಣಗಿಸಿದ.

ಆಮೇಲೆ ಎರಡು ದಿನ ಹುಚ್ಚು ಗಾಳಿ. ಒಂದು ದೋಣಿಯೂ ಕದಲಲಿಲ್ಲ. ಮೂರನೆಯ ಬೆಳಿಗ್ಗೆ ಅಚ್ಯುತ ಹಗ್ಗ ಬಿಟ್ಟರೆ ಗುಂಡು ಎರಡೇ ಮೊಳಕ್ಕೆ ನಿಂತುಬಿಟ್ಟಿತು.

ಹಗ್ಗ ಎಲ್ಲೋ ತೊಡಕಿರಬೇಕು ಎಂದುಕೊಂಡ. ಇಷ್ಟು ದಿನವಾದರೂ ಹಗ್ಗ ಬಿಡಲು ಬರಲಿಲ್ಲವೆಂದರೆ ಗುರುಗಳಿಗೆ ಮುಖ ತೋರಿಸುವುದು ಹೇಗೆ? ದಂಡೆಗೆ ಬಂದವನೇ ಹಲಗೆಯ ಮೇಲೆ ಎಂಟು ಎಂದು ಬರೆದ.

ಪರಮಯ್ಯ ಗುಂಡನ್ನು ತಿರುಗಿಸಿ ನೋಡಿದರು. ಮೇಣದ ತುಂಬ ಬಿಳಿ ಮರಳು.

ಗುಂಡು ಹಗ್ಗ ಹಿಡಿದುಕೊಂಡೇ ಹೋಗಿ, ಹೊರಡಲಿದ್ದ ಮೊದಲ ದೋಣಿ ಹತ್ತಿ ಕೂತರು.

"ಒಡೆಯಾ, ನೀವೂ ಬರ್ತ್ರಾ?" ದೋಣಿಯ ಯಜಮಾನ ಜಟ್ಟಿ ಕೇಳಿದ.

"ಬರ್ತೇನೆ ಮಾರಾಯ. ನನ್ನ ಶಿಷ್ಯ ಎಂಟು ಮೊಳ ಅಂತ ಬರೆದಿದ್ದಾನಲ್ಲ. ನಡಿ."

ಜಟ್ಟಿಯ ಇಬ್ಬರು ಮಕ್ಕಳು ಹುಟ್ಟು ಹಿಡಿದರು. ದೋಣಿ ಬಲೆಯ ಭಾರಕ್ಕೆ ತಗ್ಗಿತ್ತು. ಅಚ್ಯುತ ಸೊಂಟದ ಮಟ್ಟದ ನೀರಿಗೆ ಓಡಿ ದೋಣಿಯ ಅಂಚು ಹಿಡಿದುಕೊಂಡ.

"ಹೋಗಬೇಡಿ. ಎಂಟು ಅಂದದ್ದು ನಾನು. ಹಗ್ಗ ಹೇಳಿದ್ದು ಎರಡು."

ಜಟ್ಟಿ ಅವನನ್ನೇ ನೋಡಿದ. "ಗಾಳಿ ತಂದು ಒಟ್ಟಿದ ಮರಳಿಗೆ ತಾಗಿ ಮಗುಚಿಕೊಳ್ತಿದ್ವಲ್ಲೋ ತಮ್ಮಾ."

ಅಚ್ಯುತನಿಗೆ ಅಳು ಬಂತು. ಪರಮಯ್ಯ ಹಗ್ಗವನ್ನು ಅವನ ಕೈಗಿಟ್ಟು, "ಹತ್ತು" ಎಂದರು.

ಬಲೆ ಇಳಿಸಿ ಹಗುರಾದ ದೋಣಿ ಮೆಲ್ಲಗೆ ಅಳಿವೆಯ ಅಡ್ಡಕ್ಕೆ ಸಾಗಿತು. ಅಚ್ಯುತ ಮುಂದೆ ಕೂತು ಹೆಜ್ಜೆಹೆಜ್ಜೆಗೂ ಗುಂಡು ಬಿಟ್ಟ. ಎರಡು. ಎರಡು. ಒಂದೂವರೆ. ಮತ್ತೆ ಎರಡು. ಕೈಯಲ್ಲಿ ಬೊಬ್ಬೆ ಬಂತು. ತೆಂಕಣ ಬಂಡೆಯ ಹತ್ತಿರ ಬಂದಾಗ ಹಗ್ಗ ಅಂಗೈಯಿಂದ ಸರಸರನೆ ಜಾರಿತು.

"ಒಂಬತ್ತು," ಎಂದ ಅಚ್ಯುತ. ನಂಬಿಕೆಯಾಗದೆ ಇನ್ನೊಮ್ಮೆ ಬಿಟ್ಟ. ಒಂಬತ್ತೇ. ಮೇಣದ ಮೇಲೆ ಕರಿ ಕೆಸರು.

ಜಟ್ಟಿ ದಂಡೆಯ ಕಡೆಗೆ ಕೂಗು ಹಾಕಿದ. ಒಂದೊಂದಾಗಿ ದೋಣಿಗಳೆಲ್ಲ ಆ ಹೊಸ ದಾರಿಯಲ್ಲಿ ಕಡಲಿಗಿಳಿದವು.

ದಂಡೆಗೆ ಮರಳಿದ ಮೇಲೆ ಅಚ್ಯುತ ಹಲಗೆ ಒರೆಸಿದ.

"ತಪ್ಪಾಯಿತು ಗುರುಗಳೇ. ಏಳು ತಿಂಗಳು ಎಂಟೇ ಹೇಳಿದ ಕಡಲು, ಇದ್ದಕ್ಕಿದ್ದಂತೆ ಎರಡು ಅಂದರೆ ನಂಬುವುದು ಹೇಗೆ?"

ಪರಮಯ್ಯ ಉಗುರಿನಿಂದ ಮೇಣದ ಕೆಸರು ಕೆರೆಯುತ್ತಿದ್ದರು.

"ಏಳು ತಿಂಗಳು ಅದು ಹೇಳಿದ್ದು ನಿನಗೆ ಗೊತ್ತಿದ್ದದ್ದನ್ನೇ. ಕಲಿಸಲು ಶುರು ಮಾಡಿದ್ದು ಇವತ್ತು. ನಾಳೆಯೂ ಕಲಿಸುತ್ತದೆ, ಹಗ್ಗ ಒಣಗಿಸು."