ತಾರೂತ್ ಮರ ಒಂದೇ ಕೊಂಬೆಯಲ್ಲಿ ಹಸಿರಾಗಿರುವುದೇಕೆ?

ಲೋಕ ಇನ್ನೂ ಎಳಸಾಗಿದ್ದ ಕಾಲ. ಬೆಟ್ಟಗಳಿಗೆ ಅಂಚು ಮೂಡಿರಲಿಲ್ಲ, ಗಾಳಿಗೆ ದಾರಿ ಗೊತ್ತಿರಲಿಲ್ಲ. ಮರಗಳಿಗೆ ಕಾಲುಗಳಿದ್ದವು.

ಈಗ ನಾವು ಸಹಾರ ಎಂದು ಕರೆಯುವ ಮರಳುಗಾಡು ಆಗ ದೊಡ್ಡ ಹುಲ್ಲುಗಾವಲು. ಅದರ ನಡುವಿನ ಕಲ್ಲುಬೆಟ್ಟದಲ್ಲಿ ಒಂದು ನದಿ ಹರಿಯುತ್ತಿತ್ತು. ನದಿಯ ಎರಡೂ ದಡದಲ್ಲಿ ತಾರೂತ್ ಮರಗಳು ಸಾಲಾಗಿ ನಿಂತಿದ್ದವು. ನಮ್ಮ ಉದ್ಯಾನಗಳಲ್ಲಿ ನೆಟ್ಟಗೆ ನಿಲ್ಲುವ ಸೈಪ್ರಸ್ ಮರವಿದೆಯಲ್ಲ, ಅದರ ದೂರದ ನೆಂಟರು ಅವು.

ಆ ಬೆಟ್ಟದಲ್ಲಿ ತಿಜಿರಿ ಎಂಬ ಹೆಂಗಸು ಗಂಡ ಅಮಾಯಸ್‌ನೊಂದಿಗೆ ಆಡು ಮೇಯಿಸಿಕೊಂಡಿದ್ದಳು. ಎಲ್ಲಕ್ಕಿಂತ ಹಿರಿಯ ತಾರೂತ್ ಮರವನ್ನು ಅವಳು ಅಜ್ಜಿ ಎಂದೇ ಕರೆಯುತ್ತಿದ್ದಳು.

ಒಂದು ವರ್ಷ ಮೋಡಗಳು ಮುಖ ತಿರುಗಿಸಿ ಹೊರಟುಹೋದವು. ನದಿ ಸೊರಗಿತು. ಮೊಣಕಾಲಿಗೆ ಬಂತು, ಪಾದಕ್ಕೆ ಬಂತು.

"ನನ್ನಿಂದ ಈ ಬಿಸಿಲು ತಡೆಯಲಾಗದು. ನೆಲದೊಳಕ್ಕೆ ಇಳಿದು ಹೋಗುತ್ತೇನೆ" ಎಂದಿತು ನದಿ. ಹಾಗೆಯೇ ಇಳಿದುಹೋಯಿತು.

ಆಲಿವ್ ಮರ ಕಾಲು ಕೊಡವಿಕೊಂಡು ಎದ್ದಿತು. "ಮೋಡದ ಹಿಂದೆ ಹೋಗೋಣ, ಬಾ" ಎಂದಿತು. ಜಾಲಿ ಮರವೂ ಎದ್ದಿತು. "ಮೋಡದ ಹಿಂದೆ ಹೋಗೋಣ, ಬಾ" ಎಂದಿತು. ತಾರೂತ್‌ಗಳೂ ಗುಂಪುಗುಂಪಾಗಿ ಬೆಟ್ಟ ಇಳಿದವು. ಬಯಲಲ್ಲಿ ಮೋಡವೂ ಇರಲಿಲ್ಲ, ನೀರೂ ಇರಲಿಲ್ಲ. ಹೋದ ತಾರೂತ್‌ಗಳಲ್ಲಿ ಒಂದೂ ಹಿಂದಕ್ಕೆ ಬರಲಿಲ್ಲ.

ಅಜ್ಜಿ ಮಾತ್ರ ನಿಂತಲ್ಲೇ ನಿಂತಿತು.

"ನೀನು ಯಾಕೆ ಹೋಗಲಿಲ್ಲ ಅಜ್ಜೀ?" ಎಂದು ತಿಜಿರಿ ಕೇಳಿದಳು.

"ನದಿ ಸತ್ತಿಲ್ಲವಲ್ಲ ಮಗಳೇ. ಕೆಳಗೆ ಹೋಗಿದೆ ಅಷ್ಟೇ. ನಾನೂ ಕೆಳಗೇ ಹುಡುಕುತ್ತೇನೆ" ಎಂದು ಅಜ್ಜಿ ಕಾಲುಗಳನ್ನು ಬಂಡೆಯ ಬಿರುಕಿಗೆ ತೂರಿಸಿತು. ಇನ್ನು ಮುಂದೆ ನಡೆಯಲಾಗದೆಂದು ಅದಕ್ಕೆ ಗೊತ್ತಿತ್ತು. ಆದರೂ ತೂರಿಸಿತು. ಅದನ್ನು ನೋಡಿ ಬೆಟ್ಟದ ಸಂದುಗೊಂದಿಗಳಲ್ಲಿದ್ದ ಕೆಲವು ತಾರೂತ್‌ಗಳೂ ಉಳಿದುಕೊಂಡವು.

ಬೆಟ್ಟದ ಜನರೂ ಗಂಟುಮೂಟೆ ಕಟ್ಟಿದರು. ತಿಜಿರಿ ಆಗ ತುಂಬು ಬಸುರಿ. ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿತ್ತು.

"ನೀನು ಇಲ್ಲೇ ಇರು. ನಾನು ಹುಲ್ಲು ನೀರು ಇರುವ ಜಾಗ ನೋಡಿಕೊಂಡು ಬರುತ್ತೇನೆ" ಎಂದ ಅಮಾಯಸ್. ಎರಡು ಆಡು, ಒಂದಿಷ್ಟು ಧಾನ್ಯ, ಒಂದು ಕೊಡಲಿ ಬಿಟ್ಟು ಹೋದ. ಬಂಡೆಯ ಕುಳಿಯೊಂದರಲ್ಲಿ ಸ್ವಲ್ಪ ನೀರು ಉಳಿದಿತ್ತು.

ಅಜ್ಜಿಯ ನೆರಳಲ್ಲಿ ತಿಜಿರಿಗೆ ಹೆಣ್ಣುಮಗು ಹುಟ್ಟಿತು. ಅದರ ಹಿಂದೆಯೇ ಚಳಿ ಬಂತು. ಮರಳುಗಾಡಿನ ಬೆಟ್ಟದ ಚಳಿ ಎಂದರೆ ಸಾಮಾನ್ಯವಲ್ಲ, ಮಡಕೆಯ ನೀರು ಕಲ್ಲಾಗುತ್ತದೆ. ಮುಳ್ಳು ಉರಿಸಿದಳು, ಆಡಿನ ಹಿಕ್ಕೆ ಉರಿಸಿದಳು. ಒಂದು ಬೆಳಿಗ್ಗೆ ಉರಿಸಲು ಏನೂ ಉಳಿದಿರಲಿಲ್ಲ. ಕೂಸಿನ ಪಾದ ನೀಲಿಗಟ್ಟಿತ್ತು.

ತಿಜಿರಿ ಕೊಡಲಿ ಎತ್ತಿಕೊಂಡು ಅಜ್ಜಿಯ ಮುಂದೆ ನಿಂತಳು.

"ಅಜ್ಜೀ, ಬೇರೆ ದಾರಿ ಕಾಣುತ್ತಿಲ್ಲ."

"ಬುಡದಿಂದ ಕಡಿದರೆ ಈ ಚಳಿ ಕಳೆಯುತ್ತದೆ. ಮುಂದಿನ ಚಳಿಗೆ ಏನು ಮಾಡುತ್ತೀ ಮಗಳೇ?"

"ಮುಂದಿನ ಚಳಿ ನೋಡಬೇಕಾದರೆ ಈ ಕೂಸು ಈ ಚಳಿ ದಾಟಬೇಡವೇ!" ಎಂದು ತಿಜಿರಿ ಅತ್ತಳು.

ಅಜ್ಜಿ ಕೂಸನ್ನು ನೋಡಿತು.

"ಕೊಡಲಿ ಇಳಿಸು" ಎಂದಿತು.

ಆಮೇಲೆ ಅದು ಮಾಡಿದ್ದನ್ನು ಯಾವ ಮರವೂ ಅದುವರೆಗೆ ಮಾಡಿರಲಿಲ್ಲ. ತನ್ನ ಒಂದೊಂದೇ ಕೊಂಬೆಯಿಂದ ಜೀವರಸವನ್ನು ಹಿಂದಕ್ಕೆ ಎಳೆದುಕೊಂಡಿತು. ಒಂದು ಕೊಂಬೆ ಒಣಗಿ ಲಟಕ್ಕನೆ ಮುರಿದು ಬಿತ್ತು. ಇನ್ನೊಂದು ಕೊಂಬೆ ಒಣಗಿ ಲಟಕ್ಕನೆ ಮುರಿದು ಬಿತ್ತು. ಕಾಂಡ ಉದ್ದಕ್ಕೂ ಸೀಳಿ ಬೂದಿಬಣ್ಣಕ್ಕೆ ತಿರುಗಿತು. ಕೊನೆಗೆ ತುದಿಯ ಒಂದು ಕೊಂಬೆ ಮಾತ್ರ ಹಸಿರಾಗಿ ಉಳಿಯಿತು.

"ಬಿದ್ದದ್ದೆಲ್ಲ ನಿನ್ನದು. ಇದೊಂದು ನನಗಿರಲಿ, ಇದರಲ್ಲಿ ಬೀಜಗಳಿವೆ" ಎಂದಿತು ಅಜ್ಜಿ. ಅದರ ದನಿ ಬತ್ತಿಹೋಗಿತ್ತು.

ಬೆಂಕಿ ಹತ್ತಿತು. ಕೂಸಿನ ಪಾದ ಮೆಲ್ಲಗೆ ಕೆಂಪಾಯಿತು.

ದಿನಗಳು ಕಳೆದಂತೆ ತಿಜಿರಿಗೆ ಒಂದು ಬೆರಗು ಕಾಣಿಸಿತು. ಆ ಒಂದು ಕೊಂಬೆ ಬಾಡಲೇ ಇಲ್ಲ. ಬಂಡೆಯಡಿಯಲ್ಲಿ ಅಜ್ಜಿಗೆ ಸಿಕ್ಕಿದ್ದ ನೀರು ಮರಕ್ಕೆಲ್ಲ ಸಾಲದಿದ್ದರೂ ಒಂದು ಕೊಂಬೆಗೆ ಸಾಕಾಗುತ್ತಿತ್ತು. ಅದನ್ನು ಕಂಡು ಸಂದುಗೊಂದಿಯ ತಾರೂತ್‌ಗಳೂ ಹಾಗೆಯೇ ಮಾಡಲು ಕಲಿತವು.

ಚಳಿ ಮುಗಿಯುವ ಹೊತ್ತಿಗೆ ಅಮಾಯಸ್ ಒಂಬತ್ತು ಜನರನ್ನು ಕರೆದುಕೊಂಡು ಬಂದ. ದೂರದಲ್ಲಿ ಹುಲ್ಲು ಸಿಕ್ಕಿತ್ತು, ಗುಡಿಸಲಿಗೆ ಕಂಬ ಬೇಕಿತ್ತು. ಅಜ್ಜಿಯನ್ನು ನೋಡಿ, "ಇದು ಒಣಗಿದೆ, ಇದನ್ನೇ ಉರುಳಿಸೋಣ" ಎಂದ.

ತಿಜಿರಿ ಕಾಂಡಕ್ಕೆ ಬೆನ್ನು ಕೊಟ್ಟು ನಿಂತಳು. "ಇದು ಸತ್ತಿಲ್ಲ. ಬಾ, ನಿನ್ನ ಮಗಳ ಪಾದ ಮುಟ್ಟಿ ನೋಡು."

ಅಮಾಯಸ್ ಮುಟ್ಟಿದ. ಬೆಚ್ಚಗಿತ್ತು. ನಡೆದದ್ದನ್ನೆಲ್ಲ ಅವಳು ಹೇಳಿದಳು.

"ಹಾಗಾದರೆ ಬೇರೆ ಮರ ಕಡಿಯುತ್ತೇವೆ. ಬೆಟ್ಟದಲ್ಲಿ ಮರಕ್ಕೇನು ಬರವೇ?" ಎಂದ ಒಬ್ಬ.

"ಎಷ್ಟಿವೆ, ನೋಡೋಣ ಬನ್ನಿ" ಎಂದು ತಿಜಿರಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಮುಂದೆ ನಡೆದಳು.

ಕಣಿವೆ ಕಣಿವೆ ಅಲೆದರು. ಬೆರಳು ಮಡಿಚಿ ತಾರೂತ್‌ಗಳನ್ನು ಎಣಿಸಿದರು. ಬಂದಿದ್ದ ಹತ್ತೂ ಜನರ ಕೈಬೆರಳು ಮುಗಿದವು, ಕಾಲ್ಬೆರಳೂ ಮುಗಿದವು. ಆಮೇಲೆ ಇನ್ನೊಂದಷ್ಟು ಸಿಕ್ಕವು. ಅಲ್ಲಿಗೆ ಮುಗಿಯಿತು. ಮುಂದೆ ಬರೀ ಕಲ್ಲು.

"ಇಷ್ಟೇನಾ?" ಎಂದ ಮರಕ್ಕೇನು ಬರವೇ ಎಂದಿದ್ದವನು.

"ಇಷ್ಟೇ" ಎಂದಳು ತಿಜಿರಿ. "ಇಳಿದು ಹೋದವು ಒಂದೂ ಬರಲಿಲ್ಲ. ಲೋಕಕ್ಕೆಲ್ಲ ಇಷ್ಟೇ."

ಅಮಾಯಸ್ ಎಲ್ಲರಿಗಿಂತ ಮೊದಲು ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ನೆಲದ ಮೇಲೆ ಬಿದ್ದಿದ್ದ ಒಣಕಟ್ಟಿಗೆ ಆಯ್ದು ಹೊರೆ ಕಟ್ಟಿಕೊಂಡು ಅವರೆಲ್ಲ ಬೆಟ್ಟ ಇಳಿದರು.

ಅದಕ್ಕೇ ಮಕ್ಕಳೇ, ಇಂದಿಗೂ ಆ ಕಲ್ಲುಬೆಟ್ಟಕ್ಕೆ ಹೋದರೆ ಸಾವಿರಾರು ವರ್ಷ ಬಾಳಿದ ತಾರೂತ್ ಮರವೊಂದು ಬೂದಿಬಣ್ಣದ ಸೀಳಿದ ಕಾಂಡದ ಮೇಲೆ ಒಂದು ಕೊಂಬೆಯಷ್ಟೇ ಹಸಿರು ಹೊತ್ತು ನಿಂತಿರುವುದು ಕಾಣುತ್ತದೆ. ಇನ್ನೂರ ಚಿಲ್ಲರೆ ಮಾತ್ರ ಉಳಿದಿರುವ ಈ ಮರಗಳನ್ನು ಜನ ಈಗಲೂ ಒಂದೊಂದಾಗಿ ಎಣಿಸುತ್ತಾರೆ.