ಗಿನಿಪಿಗ್ ತನ್ನ ಸೀನು ಬಚ್ಚಿಟ್ಟಿದ್ದು ಯಾಕೆ

ಲೋಕ ಆಗತಾನೇ ಹುಟ್ಟಿತ್ತು. ಮಣ್ಣು ಇನ್ನೂ ಹಸಿಯಾಗಿತ್ತು. ನಾನೆಲ್ಲಿ ಕೂರಲಿ, ನೀನೆಲ್ಲಿ ಕೂರುತ್ತಿ ಎಂದು ಜಗಳವಾಡಿ ಗುಡ್ಡಗಳು ಆಗಷ್ಟೇ ಸುಮ್ಮನಾಗಿದ್ದವು. ಗಾಳಿಗೆ ಮಾತು ಬರುತ್ತಿತ್ತು, ಹುಲ್ಲಿಗೂ ಬರುತ್ತಿತ್ತು. ಹೊಳೆಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆಗ, ನಮ್ಮೂರಿನಿಂದ ಏಳು ಸಮುದ್ರದಾಚೆ, ಎತ್ತರದ ಬೆಟ್ಟಗಳ ಹುಲ್ಲಿನೊಳಗೆ ಗಿನಿಪಿಗ್‌ಗಳ ದೊಡ್ಡ ಸಂಸಾರವಿತ್ತು. ನೀನು ಸಾಕಿದ ಪೇಡೆಯ ಹಾಗೇ, ಶಾಲ್ಮಲಾ. ಬಾಲವಿಲ್ಲದ ಬೆನ್ನು, ಎಲೆಯಂಥ ಕಿವಿ, ಒಂದು ಗಳಿಗೆಯೂ ಸುಮ್ಮನಿರದ ಮೂಗು. ಪಿಗ್ ಅಂತ ಹೆಸರಾದರೂ ಹಂದಿಗೂ ಅವಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಅಳಬೇಡ. ಡಾಕ್ಟರು ಒಳಗೆ ಪೇಡೆಯನ್ನು ನೋಡುತ್ತಿದ್ದಾರೆ. ದನದ ದವಾಖಾನೆಯ ಬೆಂಚಿನ ಮೇಲೆ ಕೂತು ನೀನು ಅತ್ತರೆ ಒಳಗಿನ ಕೆಲಸ ಬೇಗ ಮುಗಿಯುವುದಿಲ್ಲ. "ನಿನ್ನಿ ಸಂಜೀತನಕ ಛಂದ ಇತ್ತಲ್ಲ ಅಜ್ಜಿ, ಒಮ್ಮಿಂದೊಮ್ಮೆಲೆ ಹೆಂಗ ಹಿಂಗಾತು?" ಎಂದು ಬೆಳಗ್ಗಿನಿಂದ ಕೇಳುತ್ತಿದ್ದೀಯಲ್ಲ, ಅದನ್ನೇ ಹೇಳುತ್ತಿದ್ದೇನೆ.

ಆ ಕಾಲದ ಗಿನಿಪಿಗ್‌ಗಳು ಏನನ್ನೂ ಬಚ್ಚಿಡುತ್ತಿರಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಬೆಟ್ಟಕ್ಕೆಲ್ಲ ಕೇಳುವಂತೆ ಅಳುತ್ತಿದ್ದವು. ಒಬ್ಬರಿಗೆ ನೆಗಡಿಯಾದರೆ ಅತ್ತೆ, ಚಿಕ್ಕಮ್ಮ, ಬೀಗರು ಎಲ್ಲ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ನೋಡಲು ಬರುತ್ತಿದ್ದರು. ಸೀನು ಬಿದ್ದರೆ ಸಾಕು, ಗಾಳಿ ಅದನ್ನು ಹೊತ್ತುಕೊಂಡು ಊರಿಗೆಲ್ಲ ಹಂಚುತ್ತಿತ್ತು. "ಕೇಳಿದ್ರೇನು? ಬೂದವ್ವನ ಅಣ್ಣಗ ನೆಗಡಿ ಆಗೇತಂತ."

ಬೂದವ್ವ ಅಂದರೆ ಆ ಹಿಂಡಿನ ಬೂದು ಬಣ್ಣದ ಹಿರಿಯಳು. ಅವಳ ಅಣ್ಣನಿಗೆ ಆ ಸಲ ನೆಗಡಿ ಜೋರಾಗಿತ್ತು. ಒಂದು ಪೊದೆಯ ಕೆಳಗೆ ಮುದುಡಿ ಕೂತು ಸೀನುತ್ತಿದ್ದ.

ಹಾಡುಹಗಲಲ್ಲಿ ನರಿ ಬಂತು. ಬಯಲಿನಲ್ಲಿ ಮೇಯುತ್ತಿದ್ದವರೆಲ್ಲ ಕಲ್ಲಿನಂತೆ ನಿಂತುಬಿಟ್ಟರು. ಓಡಲೂ ಹೊತ್ತಿರಲಿಲ್ಲ. ನರಿ ಅವರ ನಡುವೆಯೇ ನಡೆದುಕೊಂಡು ಹೋಯಿತು. ದಪ್ಪದಪ್ಪಗಿದ್ದ ಯಾರನ್ನೂ ತಿರುಗಿ ನೋಡಲಿಲ್ಲ. ನೆಟ್ಟಗೆ ಪೊದೆಯ ಹತ್ತಿರ ಹೋಗಿ ಬೂದವ್ವನ ಅಣ್ಣನನ್ನು ಎತ್ತಿಕೊಂಡು, ಬಂದ ದಾರಿಯಲ್ಲೇ ಹೊರಟುಹೋಯಿತು.

ನರಿ ಹಿಡಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಇಂಥವನೇ ಬೇಕು ಅಂತ ಹುಡುಕಿಕೊಂಡು ಬರುತ್ತದೆ ಅನ್ನುವುದು ಗೊತ್ತಿರಲಿಲ್ಲ.

"ನರಿಗೆ ಯಾರು ಹೇಳಿದ್ರು?" ಬೂದವ್ವ ಕೇಳಿದಳು.

"ನಾನ ಹೇಳಿದೆ," ಅಂದಿತು ಗಾಳಿ. "ನಾ ಎಲ್ಲಾರಿಗೂ ಹೇಳ್ತೀನಿ. ಹೇಳಬಾರದಿತ್ತೇನು?"

ಅವತ್ತೇ ಇಡೀ ಹಿಂಡು ಹೊಳೆಯ ನಡುವಿನ ಕಲ್ಲಿನ ಮೇಲೆ ಮುಂಗಾಲಿಟ್ಟು ಆಣೆ ಮಾಡಿತು. ಇನ್ನು ಯಾರೂ ಜಡ್ಡಿನ ಮಾತೆತ್ತುವಂತಿಲ್ಲ. ಸೀನು ಬಂದರೆ ನುಂಗಬೇಕು. ಹುಲ್ಲು ಸೇರದಿದ್ದರೂ ದವಡೆ ಆಡಿಸುತ್ತಿರಬೇಕು. ಸಂಜೆ ಸೇರಿದಾಗ ಒಬ್ಬರನ್ನೊಬ್ಬರು "ಊಟ ಆತೇನು?" ಎಂದು ಕೇಳಬೇಕು, "ಆತು" ಎಂದಷ್ಟೇ ಹೇಳಬೇಕು. ಗಾಳಿಯೂ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮಾತು ಕೊಟ್ಟಿತು.

ನಗಬೇಡ. ನಾವೇನು ಕಡಿಮೆಯೇ? ಹಾದಿಯಲ್ಲಿ ಸಿಕ್ಕವರನ್ನೆಲ್ಲ "ಊಟ ಆತೇನು" ಎಂದು ಕೇಳುತ್ತೇವೆ. ಹಸಿದವನೂ ಆತು ಎನ್ನುತ್ತಾನೆ, ಜ್ವರ ಬಂದವನೂ ಆತು ಎನ್ನುತ್ತಾನೆ. ಕೇಳಿದವನು ಆಗಲೇ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾನೆ.

ಆಣೆ ಫಲಿಸಿತು. ನರಿ ಬಂದು ಕಿವಿಯಾನಿಸಿ, ಯಾವ ಸೀನೂ ಕೇಳದೆ ಹಸಿದುಕೊಂಡು ವಾಪಸು ಹೋಗತೊಡಗಿತು. ಹಿಂಡು ಬೀಗಿತು. ಸಂಜೆ ಸಂಜೆಗೂ ಬಯಲಿನ ತುಂಬ "ಊಟ ಆತೇನು? ಆತು. ಊಟ ಆತೇನು? ಆತು."

ಬೂದವ್ವನಿಗೆ ಒಬ್ಬಳು ಮಗಳಿದ್ದಳು, ಗರಿಕೆ ಅಂತ. ತಾಯಿಯ ಮಗ್ಗುಲಲ್ಲೇ ಮೇಯುತ್ತಿದ್ದಳು, ಮಗ್ಗುಲಲ್ಲೇ ಮಲಗುತ್ತಿದ್ದಳು.

"ಊಟ ಆತೇನವಾ?" ಎಂದು ಬೂದವ್ವ ಕೇಳಿದಳು.

"ಆತು ಅವ್ವಾ."

ಮಾರನೆಯ ಸಂಜೆಯೂ ಕೇಳಿದಳು. "ಆತು ಅವ್ವಾ."

ಅದರ ಮರುದಿನ ಬಿಸಿಲೇರಿದರೂ ಗರಿಕೆ ಏಳಲಿಲ್ಲ. ಬೂದವ್ವ ಅಳಲಿಲ್ಲ, ಮೊದಲು ಬೈದಳು. ಇಷ್ಟು ಹೊತ್ತು ಮಲಗುವುದು ಯಾವ ರೂಢಿ ಎಂದು ಮೂಗಿನಿಂದ ನೂಕಿದಳು. ಮೈ ತಣ್ಣಗಿತ್ತು. ಮತ್ತೆ ನೂಕಿದಳು. ಆಮೇಲೆ ಮಗಳು ಕೂತಿದ್ದ ಜಾಗ ಕಣ್ಣಿಗೆ ಬಿತ್ತು. ಕಚ್ಚಿದ, ಆದರೆ ನುಂಗದ ಹುಲ್ಲು ಅಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಕೆಳಗಿನದು ಒಣಗಿತ್ತು, ಮೇಲಿನದು ಇನ್ನೂ ಹಸಿರಾಗಿತ್ತು.

ಅಷ್ಟೂ ದಿನ ಅದು ಬೂದವ್ವನ ಮೂಗಿನ ಮುಂದೆಯೇ ಇತ್ತು.

"ನಿನಗ ಗೊತ್ತಿತ್ತೇನು?" ಎಂದು ಗಾಳಿಯನ್ನು ಕೇಳಿದಳು.

"ಗೊತ್ತಿತ್ತು," ಅಂದಿತು ಗಾಳಿ. "ಅಕಿ ಎಳಕೊಂಡ ಉಸಿರು ನಾನ ಅಲ್ಲೇನು? ಒಳಗ ಹೋಗಾಕ ಹಾದಿ ಸಿಗವಲ್ದಾಗಿತ್ತು. ಎದಿಯೊಳಗ ಕಟಕಟ ಅಂತಿತ್ತು. ಹೇಳಬ್ಯಾಡ ಅಂದವರು ನೀವ."

ನೋಡು ಶಾಲ್ಮಲಾ. ಹೇಳಿದರೂ ಜೀವ ಹೋಯಿತು, ಹೇಳದಿದ್ದರೂ ಜೀವ ಹೋಯಿತು.

ಬೂದವ್ವ ಹೊಳೆಗೆ ಓಡಿದಳು. "ನಮ್ಮ ಆಣಿ ನಮಗ ವಾಪಸ್ ಕೊಡು."

"ಕಲ್ಲಿನ ಮ್ಯಾಲೆ ಇಟ್ಟ ಆಣಿ ನಾ ಎಷ್ಟು ಹರಿದರೂ ತೊಳದು ಹೋಗೂದಿಲ್ಲ," ಅಂದಿತು ಹೊಳೆ. "ಮತ್ತ ನರಿ ಇನ್ನೂ ಅಲ್ಲೇ ಐತಿ, ನೋಡು."

ನಿಜ, ಗುಡ್ಡದ ನೆತ್ತಿಯಲ್ಲಿ ನರಿ ಕಿವಿ ನಿಮಿರಿಸಿ ಕೂತಿತ್ತು. ಬೂದವ್ವ ಅದನ್ನು ನೋಡಿ, ಗಾಳಿ, ಹೊಳೆ ಎಲ್ಲರ ಕಡೆ ತಿರುಗಿದಳು.

"ಹಂಗಾರ ನರಿಗೆ ಕೇಳಬಾರದು, ನನಗ ಕೇಳಬೇಕು," ಅಂದಳು. "ನರಿ ನಮ್ಮನ್ನ ಹಿಡಿದೀತು. ಎದಿಗವಚಿಕೊಂಡು ಕೂಡೂದಿಲ್ಲ. ಅವಚಿಕೊಂಡವರಿಗಷ್ಟ ಕೇಳೂವಂಗ ಮಾಡ್ರಿ."

ಗಾಳಿಗೆ ಆ ಮಾತು ನಾಟಿತು. ಜಡ್ಡಾದವರ ಎದೆಯಲ್ಲಿ ಸಣ್ಣ ಕಟಕಟ ಸದ್ದು ಇಡುತ್ತೇನೆ, ಪಕ್ಕೆಗೆ ಕಿವಿಯಿಟ್ಟವರಿಗೆ ಮಾತ್ರ ಕೇಳುತ್ತದೆ ಎಂದಿತು. ಮಂಜು ಕೆಳಗಿಳಿದು, ನಾನು ಕಣ್ಣಿನ ಅಂಚಿನಲ್ಲೂ ಮೂಗಿನ ಅಂಚಿನಲ್ಲೂ ಒಂದು ಹನಿ ಬಿಡುತ್ತೇನೆ, ಒಣಗಿ ಹಕ್ಕಳೆಯಾದರೂ ಮುಖಕ್ಕೆ ಮುಖ ಕೊಟ್ಟವರಿಗೆ ಮಾತ್ರ ಕಾಣುತ್ತದೆ ಎಂದಿತು. ಹುಲ್ಲು ಕೊನೆಗೆ ಮಾತಾಡಿತು.

"ಬಾಯಿ ಸುಳ್ಳು ಹೇಳಬಹುದು. ನಾ ಹೇಳೂದಿಲ್ಲ. ತಿನ್ನಲಿಲ್ಲಂದ್ರ ಅಲ್ಲೇ ಉಳೀತೀನಿ."

ಅವತ್ತಿನಿಂದ ಆ ಹಿಂಡಿನಲ್ಲಿ ಯಾರೂ "ಊಟ ಆತೇನು" ಎಂದು ಕೇಳಲಿಲ್ಲ. ಉಳಿದ ಹುಲ್ಲು ನೋಡುತ್ತಿದ್ದರು, ಮೂಗಿಗೆ ಮೂಗು ತಾಗಿಸಿ ಮೂಸುತ್ತಿದ್ದರು, ಪಕ್ಕೆಗೆ ಪಕ್ಕೆ ಒತ್ತಿ ಮಲಗುತ್ತಿದ್ದರು.

ನಿನ್ನ ಪೇಡೆ ಆ ಬೂದವ್ವನ ಬಳಗದ್ದೇ. ನಮ್ಮ ಮನೆಯಲ್ಲಿ ನರಿ ಇಲ್ಲ, ಆದರೆ ಆಣೆ ಇದೆ. ಹಾಲಿನವನು ಬಾಗಿಲು ಬಡಿದರೂ ಅದಕ್ಕೆ ನರಿಯೇ. ಅದಕ್ಕೇ ನಿನ್ನೆಯೂ ನಮ್ಮ ಮುಂದೆ ದವಡೆ ಆಡಿಸುತ್ತಾ ಕೂತಿತ್ತು. ಬೆಳಿಗ್ಗೆ ನೀನು ಗೂಡಿನಲ್ಲಿ ಕೊತ್ತಂಬರಿ ಹಾಗೇ ಬಾಡಿ ಬಿದ್ದದ್ದು ನೋಡಿದೆ, ತೊಡೆಯ ಮೇಲಿಟ್ಟು ಕಿವಿಗೊಟ್ಟೆ. "ಅಜ್ಜಿ, ಇದರ ಎದಿಯೊಳಗ ಯಾರೋ ಚುರಮುರಿ ತಿಂದಂಗ ಕೇಳ್ತೈತಿ" ಅಂದೆ. ನನ್ನ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು.

ಪಕ್ಕದ ಮನೆಯ ಮಹಾನಂದಾ ಲೋಬಾನದ ಹೊಗೆ ಹಾಕಿರಿ, ಕೂಸುಗಳಿಗೆ ಹಾಕುವುದಿಲ್ಲವೇ ಎಂದಳು. ನಿನ್ನ ಅಪ್ಪ ತನ್ನ ನೆಗಡಿ ಮಾತ್ರೆಯ ಚೂರು ಹಿಡಿದು ಬಂದ. ಉಸಿರಿಗೇ ಹಾದಿಯಿಲ್ಲದ ಎದೆಗೆ ಹೊಗೆ ಹಾಕುವುದೇ? ಮನುಷ್ಯರ ಮಾತ್ರೆ ಅಂಗೈಯಷ್ಟು ಜೀವಕ್ಕೆ ಕೊಡುವುದೇ? ಇಬ್ಬರನ್ನೂ ಬೈದು, ಪೇಡೆಯನ್ನು ಟವೆಲಿನಲ್ಲಿ ಬೆಚ್ಚಗೆ ಸುತ್ತಿ, ಬುಟ್ಟಿಯಲ್ಲಿಟ್ಟು ಆಟೋ ಹತ್ತಿದೆವು.

ಬಾಗಿಲು ತೆರೆಯಿತು ನೋಡು. ಏಳು.

"ಇದನ್ನ ಮೊದಲು ಯಾರು ನೋಡಿದ್ರು?" ಡಾಕ್ಟರು ಕೇಳುತ್ತಿದ್ದಾರೆ. ಹೇಳು, ನಾನೇ ಅಂತ. ಯಾಕೆ ನನ್ನ ಹಿಂದೆ ಅಡಗುತ್ತೀ?

"ಛಲೋ ಮಾಡ್ದಿ ಪುಟ್ಟಿ. ನಾಳೆ ತಂದಿದ್ರ ನನ್ನ ಕೈಯಾಗ ಏನೂ ಇರ್ತಿರಲಿಲ್ಲ. ಈಗ ಔಷಧ ಕೊಟ್ಟೀನಿ, ಎರಡು ಎಲಿ ತಾನಾಗೇ ತಿಂದೈತಿ. ಮನಿಯೊಳಗ ಇನ್ನೊಂದಿದ್ರ ಅದರಿಂದ ದೂರ ಇಡ್ರಿ. ಗೂಡಿನ ಹುಲ್ಲು ಬದಲಿ ಮಾಡ್ರಿ, ತಂಗಾಳಿ ಬಡಿಯೂದು ಬ್ಯಾಡ, ಹೊಗಿ ಅಂತೂ ಬ್ಯಾಡೇ ಬ್ಯಾಡ. ನಾಳೆ ಮತ್ತ ಕರಕೊಂಡು ಬರ್ರಿ."

ತಗೋ, ನಿನ್ನ ಪೇಡೆ. ಏನು ಹೇಳುತ್ತದೆ ಎಂದು ಅದನ್ನು ಕೇಳಬೇಡ. ಎದೆಗವಚಿಕೊಂಡು ಕಿವಿಯಿಡು. ಯಾಕೆಂದರೆ ಅವತ್ತು ಹೊಳೆಯ ಕಲ್ಲಿನ ಮೇಲೆ ಇಟ್ಟ ಆಣೆಗೆ ಕಟ್ಟುಬಿದ್ದು, ಇವತ್ತಿಗೂ ಗಿನಿಪಿಗ್ ಉಸಿರು ಕಟ್ಟುತ್ತಿದ್ದರೂ ಊಟ ಆಯಿತು ಎಂದೇ ದವಡೆ ಆಡಿಸುತ್ತದೆ, ಅದರ ಮುಂದೆ ಉಳಿದ ಸೊಪ್ಪು ಮಾತ್ರ ಆಗಿಲ್ಲ ಎನ್ನುತ್ತದೆ.